ಸೆಫಲೋಸ್ಪೊರಿನ್ ಚುಚ್ಚುಮದ್ದು: ಕೊಟ್ಟ ಮೇಲಿನ ಆರೈಕೆ

ಆರೋಗ್ಯದ ಚರ್ಚಾ ಕಾರ್ಯಕ್ರಮಗಳಲ್ಲಿ ವೈದ್ಯರು ಔಷಧದ ಹೆಸರು, ಪ್ರಮಾಣ ಎರಡನ್ನೂ ಹೇಳುತ್ತಾರೆ. ಅದನ್ನು ಕೊಡುವ ಕೈಗಳ ವಿಚಾರ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ವೀಕ್ಷಕರು ಕೇಳುವುದು ಮಾತ್ರ ಅದನ್ನೇ: "ಸಿಸ್ಟರ್ ಇಂಜೆಕ್ಷನ್ ಕೊಟ್ಟು ಮುಂದಿನ ಮಂಚಕ್ಕೆ ಹೋದರು. ಪಕ್ಕದಲ್ಲಿ ಕೂತ ನಾವು ಏನು ನೋಡಬೇಕು?" ಒಳರೋಗಿಗಳಿಗೆ ಇಂದು ಬಹಳವಾಗಿ ಬಳಸುವ ಸೆಫಲೋಸ್ಪೊರಿನ್ ಎಂಬ ಪ್ರತಿಜೀವಕಗಳ ಬಳಗವನ್ನೇ ಇಟ್ಟುಕೊಂಡು ಉತ್ತರ ಹುಡುಕೋಣ.

ಈ ಬಳಗದ ಮೂಲ ಇಟಲಿಯ ಸಾರ್ಡೀನಿಯಾ ದ್ವೀಪದ ಒಂದು ಚರಂಡಿ. ಅದರ ನೀರು ಸಮುದ್ರ ಸೇರುವ ಜಾಗದಿಂದ 1945ರಲ್ಲಿ ಜುಸೆಪ್ಪೆ ಬ್ರೋಟ್ಸು ಒಂದು ಶಿಲೀಂಧ್ರವನ್ನು ಬೇರ್ಪಡಿಸಿದರು. ಅದರ ಸ್ರಾವ ಟೈಫಾಯ್ಡ್ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯಿತು. ಮುಂದಿನ ಕೆಲಸ ಆಕ್ಸ್‌ಫರ್ಡ್‌ನಲ್ಲಿ ನಡೆಯಿತು. ಮೊದಲ ಔಷಧ ಮಾರುಕಟ್ಟೆಗೆ ಬಂದದ್ದು 1964ರಲ್ಲಿ. ನಮ್ಮ ಆಸ್ಪತ್ರೆಗಳಲ್ಲಿ ಟೈಫಾಯ್ಡ್‌ಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಇದೇ ವಂಶದ್ದು.

ರಾಸಾಯನಿಕ ರಚನೆಯಲ್ಲಿ ಇದು ಪೆನಿಸಿಲಿನ್‌ನ ದಾಯಾದಿ. ಅದಕ್ಕೇ ಮೊದಲ ಪ್ರಶ್ನೆ: "ಹಿಂದೆ ಪೆನಿಸಿಲಿನ್ ಅಥವಾ ಬೇರೆ ಯಾವುದೇ ಔಷಧ ಒಗ್ಗದೇ ಹೋಗಿತ್ತೇ?" ಪೆನಿಸಿಲಿನ್ ಒಗ್ಗದವರಲ್ಲಿ ನೂರಕ್ಕೆ ಹತ್ತು ಮಂದಿಗೆ ಇದೂ ಒಗ್ಗದೆಂದು ಹಿಂದೆ ಹೇಳುತ್ತಿದ್ದರು. ನಿಜವಾದ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ ಎಂದು ಈಗ ತಿಳಿದಿದೆ. ಆದರೂ ಹಿಂದೆ ಉಸಿರು ಕಟ್ಟಿದ್ದರೆ, ಮುಖ ಊದಿದ್ದರೆ ವೈದ್ಯರಿಗೆ ತಿಳಿಸದೆ ಔಷಧ ಕೊಡುವಂತಿಲ್ಲ. ನಮ್ಮಲ್ಲಿ ಮುಂಗೈ ಚರ್ಮಕ್ಕೆ ಒಂದು ಹನಿ ಚುಚ್ಚಿ ನೋಡುವ ರೂಢಿಯಿದೆ. ಅಲ್ಲಿ ಕೆಂಪಾಗಲಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ನಂಬುವಂತಿಲ್ಲ. ನನ್ನ ಮಟ್ಟಿಗೆ ಆ ಹನಿಗಿಂತ ಸರಿಯಾಗಿ ಕೇಳಿದ ಪ್ರಶ್ನೆಯೇ ಹೆಚ್ಚು ಬೆಲೆಯದು.

ಮೊದಲ ಅರ್ಧ ಗಂಟೆ ರೋಗಿಯ ಮೇಲೆ ಕಣ್ಣಿರಬೇಕು. ಅಂಗೈ ತುರಿಕೆ, ಮೈಮೇಲೆ ಪಿತ್ತಗಂಧೆಯಂಥ ದದ್ದು, ತುಟಿ ಊದುವುದು, ದನಿ ಒಡೆಯುವುದು, ಏದುಸಿರು, ತಲೆಸುತ್ತು, "ಏನೋ ಆಗ್ತಿದೆ" ಎಂಬ ಗಾಬರಿ: ಇವುಗಳಲ್ಲಿ ಯಾವುದು ಕಂಡರೂ ಕೂಗಿ ಕರೆಯಿರಿ, ಸಂಕೋಚ ಬೇಡ. ಸಿಸ್ಟರ್ ಔಷಧ ನಿಲ್ಲಿಸಿ, ವೈದ್ಯರನ್ನು ಕರೆಸಿ, ರೋಗಿಯನ್ನು ಮಲಗಿಸಿ ಕಾಲು ಎತ್ತರಿಸುತ್ತಾರೆ. ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸುವುದುಂಟು. ಉಸಿರಿಗೋ ರಕ್ತದೊತ್ತಡಕ್ಕೋ ಕುತ್ತು ಬಂದಾಗ ಜೀವ ಉಳಿಸುವುದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್. ವಯಸ್ಕರಿಗೆ ಅರ್ಧ ಮಿಲಿಗ್ರಾಂ. ಏವಿಲ್, ಸ್ಟೀರಾಯ್ಡ್‌ಗಳು ಅದರ ಬದಲಿಗೆ ನಿಲ್ಲಲಾರವು. ಆದ್ದರಿಂದ ಅಡ್ರಿನಲಿನ್ ಬೀರುವಿನಲ್ಲಿ ಬೀಗದೊಳಗಿರದೆ ಚುಚ್ಚುಮದ್ದಿನ ಟ್ರೇಯಲ್ಲೇ ಇರಬೇಕು.

ಪುಡಿಯನ್ನು ಕರಗಿಸುವುದರಲ್ಲೂ ಎಚ್ಚರ ಬೇಕು. ಸ್ನಾಯುವಿಗೆ ಕೊಡುವಾಗ ನೋವಾಗದಿರಲೆಂದು ಲಿಗ್ನೋಕೇನ್ ಬೆರೆಸುವುದುಂಟು. ಹಾಗೆ ಬೆರೆಸಿದ್ದನ್ನು ರಕ್ತನಾಳಕ್ಕೆ ಕೊಡಕೂಡದು. ಸೆಫ್ಟ್ರಿಯಾಕ್ಸೋನ್‌ಗೂ ಕ್ಯಾಲ್ಸಿಯಂಗೂ ಹೊಂದಿಕೆಯಿಲ್ಲ. ರಿಂಗರ್ ಲ್ಯಾಕ್ಟೇಟ್ ಬಾಟಲಿಯಲ್ಲಿ ಕ್ಯಾಲ್ಸಿಯಂ ಇರುವುದರಿಂದ ಎರಡೂ ಸೇರಿದರೆ ಸಣ್ಣ ಹರಳುಗಳಾಗುತ್ತವೆ. ಇವೆರಡನ್ನೂ ಪಡೆದ ನವಜಾತ ಶಿಶುಗಳಲ್ಲಿ ಸಾವುಗಳೇ ವರದಿಯಾಗಿವೆ.

ಮುಂದಿನ ದಿನಗಳಲ್ಲಿ ಸೂಜಿಯ ಜಾಗ ಕೆಂಪಾಗಿ ಗಡುಸಾದರೆ ತೋರಿಸಿ. ನೀರಾಗಿ ಪದೇ ಪದೇ ಭೇದಿಯಾದರೆ, ಅದರಲ್ಲೂ ರಕ್ತ ಕಂಡರೆ, ಮನೆಯಲ್ಲಿದ್ದ ಭೇದಿ ನಿಲ್ಲಿಸುವ ಮಾತ್ರೆ ನುಂಗಿಸದೆ ವೈದ್ಯರಿಗೆ ಹೇಳಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕೆಟ್ಟದ್ದೊಂದು ಬೆಳೆದಿರಬಹುದು. ಔಷಧ ಮುಗಿದ ವಾರಗಳ ನಂತರವೂ ಹೀಗಾಗುವುದುಂಟು. ಮೂತ್ರಪಿಂಡದ ತೊಂದರೆ ಇದ್ದವರು ಅದನ್ನು ಮೊದಲೇ ಹೇಳಬೇಕು. ಈ ಬಳಗದ ಹಲವು ಔಷಧಗಳ ಪ್ರಮಾಣವನ್ನು ಅವರಿಗೆ ತಗ್ಗಿಸಬೇಕಾಗುತ್ತದೆ. ಸೆಫೊಪೆರಜೋನ್ ಪಡೆಯುವವರು ಮದ್ಯ ಮುಟ್ಟಿದರೆ ಮುಖ ಕೆಂಪೇರಿ, ವಾಂತಿಯಾಗಿ ನರಳುತ್ತಾರೆ. ಇದನ್ನು ಮನೆಯವರೆದುರು ಕೇಳಲು ನಾಚುವ ರೋಗಿಗೆ ಸಿಸ್ಟರ್ ಒಬ್ಬರೇ ಇದ್ದಾಗ ಹೇಳುವುದು ಮೇಲು.

ಮಕ್ಕಳ ಸಿರಪ್ ಪುಡಿಯಾಗಿ ಬಂದಿದ್ದರೆ ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಕುಲುಕಿ. ಪ್ರತಿ ಸಲವೂ ಕುಲುಕಿಯೇ ಕೊಡಿ. ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ. ಔಷಧ ಯಾರಿಗಾದರೂ ಒಗ್ಗದೇ ಹೋದರೆ "ಯಾವುದೋ ಇಂಜೆಕ್ಷನ್" ಎಂದು ಬಿಡಬೇಡಿ. ಔಷಧದ ಹೆಸರು, ದಿನಾಂಕ, ಏನಾಯಿತು ಎಂಬುದನ್ನು ಬಿಡುಗಡೆಯ ಚೀಟಿಯಲ್ಲೇ ಬರೆಸಿಕೊಂಡು, ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ತೋರಿಸಿ.