‘ಅಂತರಾಗ್ನಿ’ಯ ಅನಂತರ ಯಾವ ಆಲ್ಬಮ್?

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಅನೇಕರಿಗೆ ಕನ್ನಡದ ಅಕ್ಷರ ಬಾರದು, ಆದರೆ ಕನ್ನಡದ ಹಾಡು ಬರುತ್ತದೆ. ಆ ಹಾಡು ಬಹುಮಟ್ಟಿಗೆ ರಘು ದೀಕ್ಷಿತ್ ಅವರ ತಂಡದ್ದು. ನಮ್ಮ ಮನೆಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಡೊಂಬಿವಲಿಯಿಂದ ಹೊರಡುವ ಬೆಳಗಿನ ಫಾಸ್ಟ್ ಲೋಕಲಿನಲ್ಲಿ ನಿಂತುಕೊಂಡೇ ‘ಅಂತರಾಗ್ನಿ’ ಆಲ್ಬಮನ್ನು ಹಲವು ತಿಂಗಳು ಕೇಳಿದ ಮಗನು ಒಂದು ಸಂಜೆ, “ಇನ್ನು ಇವರದು ಯಾವುದನ್ನು ಕೊಳ್ಳಲಿ?” ಎಂದು ಕೇಳಿದನು. ಪ್ರಶ್ನೆ ಸಣ್ಣದಾದರೂ ಉತ್ತರ ಕೊಡುವುದು ಸುಲಭವೆನಿಸಲಿಲ್ಲ. ಮನೆಯಲ್ಲಿ ಕನ್ನಡಕ್ಕೆ ತೆರೆದಿದ್ದ ಬಾಗಿಲು ಅದೊಂದೇ ಆಗಿತ್ತು.

ಪಾಶ್ಚಾತ್ಯ ಪ್ರೋಗ್ರೆಸಿವ್ ರಾಕ್ ಪ್ರಿಯರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಪಿಂಕ್ ಫ್ಲಾಯ್ಡ್ ತಂಡದ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಕೇಳಿ ಮುಗಿಸಿದವರು ಅದೇ ತಂಡದ 1975ರ ‘ವಿಶ್ ಯೂ ವರ್ ಹಿಯರ್’ ಎತ್ತಿಕೊಂಡರೆ ನಿರಾಶರಾಗುವ ಭಯವಿಲ್ಲ. ಅಲ್ಲಿ ಹಾಡು ಬರೆದವರೂ ಹಾಡಿದವರೂ ಬಹುಮಟ್ಟಿಗೆ ಆ ತಂಡದವರೇ. ನಮ್ಮ ಪ್ರಕರಣ ಹಾಗಿಲ್ಲ. ತಂಡವು ಈ ಶತಮಾನದ್ದು, ಆದರೆ ಅದರ ಕವಿ 1819ರಲ್ಲಿ ಹುಟ್ಟಿ 1889ರಲ್ಲಿ ಗತಿಸಿದವನು. ಆದುದರಿಂದ ‘ಮುಂದಿನ’ ಆಲ್ಬಮ್ ಎಂಬುದು ಅದಕ್ಕಿಂತ ಹಿಂದಿನದೂ, ಬೇರೆಯವರದೂ ಆಗಿರಬಹುದು.

ರಘು ದೀಕ್ಷಿತ್ ಮೈಸೂರಿನವರೆಂದೇ ಪ್ರಸಿದ್ಧರಾದರೂ ಹುಟ್ಟಿದ್ದು 1974ರಲ್ಲಿ ನಾಶಿಕದಲ್ಲಿ, ನಮ್ಮ ಕಲ್ಯಾಣದಿಂದ ಕಸಾರಾ ಘಾಟ್ ಹತ್ತಿದರೆ ಸಿಗುವ ಊರಿನಲ್ಲಿ. ‘ಅಂತರಾಗ್ನಿ’ಯನ್ನು 2008ರಲ್ಲಿ ಹೊರತಂದದ್ದು ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಅವರ ಸಂಸ್ಥೆ. ಅದರಲ್ಲಿ ಹಿಂದಿ ಹಾಡುಗಳೇ ಹೆಚ್ಚು, ಇಂಗ್ಲಿಷೂ ಇದೆ. ಕನ್ನಡದ ಪಾಲಿಗೆ ಬಂದಿರುವುದು ಶಿಶುನಾಳ ಶರೀಫರ ‘ಗುಡುಗುಡಿಯ’ ಮತ್ತು ಸೋರುವ ಮಾಳಿಗೆಯ ಪದ.

ಈ ಪದಗಳ ಅರ್ಥವನ್ನು ಮಕ್ಕಳಿಗೆ ತಿಳಿಸಲು ನಾವು ಹಿಂಜರಿಯಬೇಕಾಗಿಲ್ಲ. ಗುಡುಗುಡಿಯೆಂದರೆ ಹುಕ್ಕಾ. ಮರಾಠಿಯಲ್ಲಿಯೂ ಅದು ‘ಗುಡಗುಡಿ’ಯೇ ಆಗಿರುವುದರಿಂದ ಇಲ್ಲಿಯ ಶಾಲೆಯಲ್ಲಿ ಕಲಿತವರಿಗೆ ಶಬ್ದ ತಾನಾಗಿಯೇ ಹೊಳೆಯುತ್ತದೆ. ಶರೀಫರು ಆ ಹುಕ್ಕಾವನ್ನು ದೇಹವನ್ನಾಗಿ ಮಾಡಿ, ಒಳಗಿನ ದುರ್ಗುಣಗಳನ್ನು ಸುಟ್ಟು ಸೇದಿಬಿಡು ಎನ್ನುತ್ತಾರೆ. ಸೋರುವ ಮಾಳಿಗೆಯೂ ಅಂಥದೇ. ಮನೆಯೆಂದರೆ ಈ ಜೀವ, ಸೋರುವುದು ಅಜ್ಞಾನದಿಂದ, ಕತ್ತಲೆಯಲ್ಲಿ ಮೇಲೇರಿ ಸರಿಪಡಿಸುವವರಿಲ್ಲ. ಕಲ್ಯಾಣ್–ಡೊಂಬಿವಲಿಯ ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ ಜುಲೈ ತಿಂಗಳನ್ನು ಕಳೆದವರಿಗೆ ಈ ರೂಪಕವನ್ನು ಬಿಡಿಸಿ ಹೇಳುವ ಅಗತ್ಯವಿರಲಾರದು!

ಈಗ ಆಯ್ಕೆಯ ವಿಚಾರ. ತಂಡದ 2013ರ ಆಲ್ಬಮ್ ‘ಜಗ್ ಚಂಗಾ’ ಸಹಜವಾಗಿ ಮೊದಲು ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಕನ್ನಡದ ಪಾಲು ಹೆಚ್ಚಿದೆ. ಶರೀಫರ ‘ಲೋಕದ ಕಾಳಜಿ’ಯೂ ‘ಕೋಡಗನ ಕೋಳಿ’ಯೂ ಅಲ್ಲಿವೆ. ವಾದ್ಯಮೇಳ ಮೊದಲಿನದಕ್ಕಿಂತ ತುಂಬಿಕೊಂಡಿದೆ. ನನ್ನ ಕಿವಿಗೆ ‘ಅಂತರಾಗ್ನಿ’ಯ ಬಿಸಿ ಇಲ್ಲಿ ಸ್ವಲ್ಪ ತಗ್ಗಿದೆ ಎನಿಸಿತು, ಮಗನು ಒಪ್ಪುವುದಿಲ್ಲ. ಆದರೂ ಬರಿಯ ತಂಡದ ಮೇಲಿನ ಅಭಿಮಾನದಿಂದ ಕೊಳ್ಳುವವರಿಗೆ ಇದೇ ಸರಿ.

ಆದರೆ ಯಾರನ್ನು ಹಾಡಿನ ಮಾತು ಹಿಡಿದು ನಿಲ್ಲಿಸಿತೋ ಅವರು ಹಿಂದಕ್ಕೆ ಹೋಗಬೇಕು, ಅಂದರೆ ಸಿ. ಅಶ್ವತ್ಥರ ಕಡೆಗೆ. 1939ರಲ್ಲಿ ಜನಿಸಿ, ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಸಂಗೀತವನ್ನು ನಡೆಸಿಕೊಂಡು ಬಂದ ಅಶ್ವತ್ಥರು ಶರೀಫರ ಪದಗಳನ್ನು ಭಜನೆಯ ಕಟ್ಟೆಯಿಂದ ಮನೆಮನೆಯ ಟೇಪ್ ರೆಕಾರ್ಡರಿಗೆ ತಂದರು. 1990ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ಅವರದೇ ಸಂಗೀತ. ಶ್ರೀಧರ್ ಶರೀಫರಾಗಿಯೂ, ಗಿರೀಶ ಕಾರ್ನಾಡರು ಗುರು ಗೋವಿಂದಭಟ್ಟರಾಗಿಯೂ ಅಭಿನಯಿಸಿದ ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ದೊರೆಯಿತು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಎಂಬ ಕಥೆಯನ್ನು ಮಕ್ಕಳಿಗೆ ಹೇಳುವುದಾದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋರದು. ಅಶ್ವತ್ಥರು 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ತೀರಿಕೊಂಡರು.

ಒಂದೇ ಪದವನ್ನು ಇಬ್ಬರ ಧಾಟಿಯಲ್ಲಿ ಒಂದರ ಹಿಂದೊಂದು ಕೇಳಿಸಿ ನೋಡಿ. ರಘು ದೀಕ್ಷಿತರಲ್ಲಿ ಗಿಟಾರೂ ಪಿಟೀಲೂ ಹಾಡನ್ನು ಹೊತ್ತು ಓಡುತ್ತವೆ, ಕೇಳುವವನ ಕಾಲು ಮೊದಲು ಕುಣಿದು ಅರ್ಥ ಆಮೇಲೆ ಬರುತ್ತದೆ. ಅಶ್ವತ್ಥರಲ್ಲಿ ವಾದ್ಯ ಹಿಂದೆ ಸರಿದು ತೆರೆದ ಕಂಠ ಮುಂದೆ ನಿಲ್ಲುತ್ತದೆ, ಪ್ರತಿಯೊಂದು ಶಬ್ದವೂ ಬಿಡಿಬಿಡಿಯಾಗಿ ಕೇಳುತ್ತದೆ. ಭಾಷೆ ಕಲಿಯುವವನಿಗೆ ಬೇಕಾದದ್ದು ಈ ಎರಡನೆಯದು.

‘ಕೋಡಗನ ಕೋಳಿ’ಗೆ ಮಾತ್ರ ಶಿವಮೊಗ್ಗ ಸುಬ್ಬಣ್ಣನವರನ್ನು ಕೇಳಲೇಬೇಕು. ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದು, 2022ರಲ್ಲಿ ನಮ್ಮನ್ನಗಲಿದ ಅವರ ಕಂಠದಲ್ಲಿಯೇ ಈ ಪದ ನಮ್ಮ ಪೀಳಿಗೆಗೆ ಪರಿಚಯವಾದದ್ದು. ಇಲ್ಲಿ ಒಂದು ಎಚ್ಚರಿಕೆ: ಕೋಡಗವೆಂದರೆ ಕೋತಿ. ನಮ್ಮ ಹುಡುಗ ಬಹಳ ದಿನ ಇದನ್ನು ಕೊಡಗಿನ ಕೋಳಿಯೆಂದೇ ತಿಳಿದಿದ್ದನು. ಕೋತಿಯನ್ನು ಕೋಳಿ ನುಂಗುತ್ತದೆ, ಆನೆಯನ್ನು ಆಡು ನುಂಗುತ್ತದೆ. ಹೀಗೆ ಚಿಕ್ಕದು ದೊಡ್ಡದನ್ನು ನುಂಗುತ್ತ ಹೋಗಿ, ಕಡೆಗೆ ಗುರುಪಾದದಲ್ಲಿ ‘ನಾನು’ ಎಂಬುದೇ ಕರಗುತ್ತದೆ.

ಮಾತಿಗಿಂತ ನಾದವೇ ಇಷ್ಟವೆನ್ನುವವರಿಗೆ ಬೇರೆ ದಾರಿಯಿದೆ. ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ‘ಸ್ವರಾತ್ಮ’ ತಂಡದ 2009ರ ಮೊದಲ ಆಲ್ಬಮಿನಲ್ಲಿ ‘ಈ ಭೂಮಿ’ ಎಂಬ ಕನ್ನಡ ಹಾಡಿದೆ. ಕಾವೇರಿಯ ಜಗಳವನ್ನು ನದಿಯ ಬಾಯಲ್ಲೇ ಹೇಳಿಸುವ ‘ಪ್ಯಾಸಿ’ಯೂ ಇದೆ, ಆದರೆ ಅದು ಹಿಂದಿ. ನಿಜವಾದ ಪ್ರೋಗ್ರೆಸಿವ್ ರಾಕ್ ಬೇಕೆಂದರೆ ಬೆಂಗಳೂರಿನ ‘ಅಗಂ’ ತಂಡದ ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ (2012) ಉಂಟು. ಕರ್ನಾಟಕ ಸಂಗೀತವನ್ನು ಎಲೆಕ್ಟ್ರಿಕ್ ಗಿಟಾರಿನೊಡನೆ ಬೆಸೆದ ತಂಡ ಅದು.

ಕೊಳ್ಳುವುದೆಲ್ಲಿ? ಕಾಲಾಘೋಡಾದ ರಿದಮ್ ಹೌಸ್ 2016ರ ಫೆಬ್ರವರಿಯಲ್ಲಿ ಮುಚ್ಚಿತು. ಈಗ ಬಹುತೇಕ ಎಲ್ಲವೂ ಮೊಬೈಲಿನಲ್ಲಿಯೇ. ಅಲ್ಲಿ ‘ಶಿಶುನಾಳ ಶರೀಫ’ ಎಂದು ಹುಡುಕಿದರೆ ಒಂದೇ ಹೆಸರಿನ ಹತ್ತಾರು ಸಂಗ್ರಹಗಳು ಬರುತ್ತವೆ. ಸಂಗೀತ ಸಂಯೋಜಕರ ಮತ್ತು ಗಾಯಕರ ಹೆಸರನ್ನು ನೋಡಿಯೇ ಆರಿಸಿಕೊಳ್ಳಿರಿ. ಹಾಡುಗಳನ್ನು ಕಲಸಿ ನುಡಿಸುವ ಗುಂಡಿಯನ್ನು ಆರಿಸಿಟ್ಟು, ಆಲ್ಬಮನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆಯಾದರೂ ಕೇಳುವುದು ಲೇಸು.

ನಮ್ಮಲ್ಲಿ ‘ಜಗ್ ಚಂಗಾ’ ಮೊದಲು ಬಂತು, ಅಶ್ವತ್ಥರು ಆಮೇಲೆ ಬಂದರು. ಇದರಲ್ಲಿ ಡ್ರಮ್ಸ್ ಇಲ್ಲವಲ್ಲ ಎಂದು ಮಗನು ದೂರಿದನು. ಮರುವಾರವೇ ‘ಮಾಳಿಗಿ’ ಎಂದು ಬರೆಯುವುದು ಹೇಗೆಂದು ಅಜ್ಜಿಯನ್ನು ಕೇಳುತ್ತಿದ್ದನು.