ಕರುಳಿನ ಸಂಧಿಯೂ ಲೋಹದ ಜಾಲನಾಳವೂ

ದೊಡ್ಡ ಕರುಳಿನಲ್ಲಾಗಲಿ ಮಲಾಶಯದಲ್ಲಾಗಲಿ ಅರ್ಬುದರೋಗ ತಲೆದೋರಿದಾಗ ವೈದ್ಯರು ರೋಗಗ್ರಸ್ತ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಒಂದಕ್ಕೊಂದು ಕೂಡಿಸುತ್ತಾರೆ. ರೋಗಿಯ ಮುಂದಿನ ಕ್ಷೇಮ ಬಹುಮಟ್ಟಿಗೆ ಈ ಸಂಧಿಯನ್ನು ಅವಲಂಬಿಸಿದೆ. ಅಲ್ಲಿ ರಕ್ತಸಂಚಾರ ಸಾಲದೆ ಹೋದರೆ, ಎಳೆತ ಹೆಚ್ಚಾದರೆ, ಸಂಧಿ ಬಿಟ್ಟುಕೊಂಡು ಮಲ ಒಳಗೇ ಸೋರಬಹುದು. ಗುದದ್ವಾರಕ್ಕೆ ಸಮೀಪವಾದಷ್ಟೂ ಈ ಭಯ ಹೆಚ್ಚು. ಸೋರದೆ ಮಾಯ್ದ ಸಂಧಿಯೂ ಕೆಲವೊಮ್ಮೆ ಕಲೆಗಟ್ಟಿ ಕಿರಿದಾಗುವುದುಂಟು.

ಹಿಂದೆ ಸೋರಿಕೆಗೆ ಮತ್ತೊಮ್ಮೆ ಹೊಟ್ಟೆ ಕೊಯ್ಯುವುದೇ ಮುಖ್ಯ ಉಪಾಯವಾಗಿತ್ತು. ಕರುಳಿನ ಬಾಯನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಕಟ್ಟುತ್ತಿದ್ದರು. ಈಗ ಆಯ್ದ ಕೆಲವರಲ್ಲಿ ಎಂಡೋಸ್ಕೋಪಿನ ಮೂಲಕ ಸ್ಟೆಂಟ್ ಎಂಬ ಜಾಲನಾಳವನ್ನು ಇರಿಸುತ್ತಾರೆ. ಈ ಹೆಸರು ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ದಂತವೈದ್ಯ ಚಾರ್ಲ್ಸ್ ಸ್ಟೆಂಟನದು. ಹಲ್ಲಿನ ಅಚ್ಚು ತೆಗೆಯಲು ಅವನು ಮಾಡಿದ ಮೇಣದಂಥ ದ್ರವ್ಯದಿಂದ ಹೊರಟ ಮಾತು ಕರುಳಿನವರೆಗೆ ಬಂದಿದೆ. ಇದಕ್ಕೊಂದು ಸಂಸ್ಕೃತ ಶಬ್ದವನ್ನು ಟಂಕಿಸುವ ಉತ್ಸಾಹ ನನಗಿಲ್ಲ.

ನಾಳದ ತಂತಿ ನಿಕಲ್ ಮತ್ತು ಟೈಟಾನಿಯಮ್‌ಗಳ ಮಿಶ್ರಲೋಹವಾದ ನಿಟಿನಾಲ್. ಮುದುಡಿಸಿ ಒಳಗೆ ಸೇರಿಸಿ ಬಿಟ್ಟೊಡನೆ ಅದು ತನ್ನ ಪೂರ್ವರೂಪಕ್ಕೆ ಅರಳುತ್ತದೆ. ಮೇಲೆ ಹೊದಿಕೆಯಿದ್ದರೆ ಬಿರುಕು ಮುಚ್ಚಿ, ಮಲ ನಾಳದೊಳಗೇ ಸಾಗಿ, ಸಂಧಿ ಮಾಯಲು ಅವಕಾಶವಾಗುತ್ತದೆ. ಕೆಲವು ವಾರಗಳ ಮೇಲೆ ಅದನ್ನು ಹೊರತೆಗೆಯಬೇಕು. ಕಿರಿದಾದ ಸಂಧಿಗೆ ಮಾತ್ರ ಮೊದಲು ಬಲೂನಿನಿಂದ ಹಿಗ್ಗಿಸಿ ನೋಡುವುದು ರೂಢಿ.

ಇದು ಸರ್ವರಿಗೂ ಸಲ್ಲುವ ಚಿಕಿತ್ಸೆಯಲ್ಲ. ಹೊದಿಕೆಯ ನಾಳ ಅಂಗಾಂಶಕ್ಕೆ ಕಚ್ಚಿಕೊಳ್ಳದ ಕಾರಣ ಜಾರಿಹೋಗುತ್ತದೆ. ಗುದಕ್ಕೆ ತೀರ ಸಮೀಪವಿದ್ದರೆ ನೋವೂ ಪದೇ ಪದೇ ಬಹಿರ್ದೆಸೆಯ ಒತ್ತಡವೂ ಸಹಿಸಲಸಾಧ್ಯ. ಹೊಟ್ಟೆಯಲ್ಲೆಲ್ಲ ನಂಜು ಹರಡಿದ್ದರೆ ಶಸ್ತ್ರಚಿಕಿತ್ಸೆಯೇ ಗತಿ. ಕೀವು ಒಂದೆಡೆ ನಿಂತಿದ್ದರೆ ಅದನ್ನು ಬಸಿಯದೆ ಬರಿಯ ನಾಳವಿಟ್ಟು ಪ್ರಯೋಜನವಿಲ್ಲ.

ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿರುವ ನಮ್ಮವರಿಗೆ ಒಂದು ಸಂಗತಿ ಸಂತೋಷ ತಂದೀತು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯು ಮಿದುಳಿನ ರಕ್ತನಾಳಕ್ಕಾಗಿ ರೂಪಿಸಿದ ಸ್ಟೆಂಟಿನ ತಂತ್ರಜ್ಞಾನವನ್ನು 2020ರಲ್ಲಿ ಉದ್ಯಮಕ್ಕೆ ಹಸ್ತಾಂತರಿಸಿತು. ಅದಕ್ಕೆ ಬೇಕಾದ ನಿಟಿನಾಲ್ ವಿಷಯದಲ್ಲಿ ಸಹಕರಿಸಿದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ. ಕರುಳಿನ ನಾಳಕ್ಕೂ ಲೋಹ ಇದೇ.

ಲೆಕ್ಕ ಬರೆಯುವ ವೃತ್ತಿಯವನಾದ ನಾನು ಬೆಲೆಯ ಮಾತನ್ನು ಬಿಡಲಾರೆ. 2017ರ ಫೆಬ್ರವರಿಯಲ್ಲಿ ಸರ್ಕಾರ ಗರಿಷ್ಠ ಬೆಲೆ ಗೊತ್ತುಮಾಡಿದ್ದು ಹೃದಯದ ಸ್ಟೆಂಟುಗಳಿಗೆ. ಕರುಳಿನವು ಆ ಆಜ್ಞೆಯಲ್ಲಿರಲಿಲ್ಲ. ಆದಕಾರಣ ನಾಳದ ಬೆಲೆ, ಜಾರಿದರೆ ಮತ್ತೊಂದರ ಬೆಲೆ, ತೆಗೆಯುವ ದಿನದ ಖರ್ಚು ಮೂರನ್ನೂ ಮೊದಲೇ ಕೇಳಿಕೊಳ್ಳುವುದು ಲೇಸು; ತೆಗೆಯಬೇಕಾದ ದಿನಾಂಕವನ್ನು ಆಸ್ಪತ್ರೆ ಬಿಡುವಾಗ ಬರೆಸಿಕೊಳ್ಳಬೇಕು, ಊರಿಗೆ ಹೊರಡುವವರಂತೂ ತಪ್ಪದೆ.