ಚಕ್ರ ನೇರ, ಹ್ಯಾಂಡಲ್ ಸೊಟ್ಟ!

ಸೈಕಲ್ ಬಿದ್ದು ಹ್ಯಾಂಡಲ್ ಸೊಟ್ಟಗಾದರೆ ಏನು ಮಾಡಬೇಕೆಂದು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು, ಹ್ಯಾಂಡಲನ್ನು ಒಮ್ಮೆ ತಿರುಚಿದರಾಯಿತು. ಮೋಟಾರ್ ಸೈಕಲ್ಲಿಗೂ ಇದೇ ಉಪಾಯ ನಡೆಯುತ್ತದೆ. ಆದರೆ ಅದಕ್ಕೆ ಮೊದಲು ಮಾಡಬೇಕಾದ ಕೆಲಸ ಬೇಕಾದಷ್ಟಿದೆ.

ನಮ್ಮ ಮನೆಯಲ್ಲೊಂದು ಹಳೆಯ ಹೀರೋ ಹೋಂಡಾ ಸ್ಪ್ಲೆಂಡರ್ ಇದೆ. 1994ರಲ್ಲಿ ಮಾರುಕಟ್ಟೆಗೆ ಬಂದ ಈ ಗಾಡಿ ಹತ್ತದ ಊರಿಲ್ಲ ಬಿಡಿ. ಕಳೆದ ಮಳೆಗಾಲದಲ್ಲಿ ಮಗ ಕೆಸರಲ್ಲಿ ಜಾರಿದಾಗ ಅದರ ಮುಂದಿನ ಚಕ್ರ ಮೋರಿಯ ಕಲ್ಲಿಗೆ ಬಡಿಯಿತು. ಅವನಿಗೆ ಮೊಣಕೈ ತರಚಿತು, ಅಷ್ಟೆ. ಗಾಡಿ ಮಾತ್ರ ನೇರವಾಗಿ ಹೋಗುವಾಗಲೂ ಹ್ಯಾಂಡಲ್ ಎಡಕ್ಕೆ ತಿರುಗಿರುತ್ತಿತ್ತು. "ತಾತ, ಗಾಡಿಗೆ ಕತ್ತು ಉಳುಕಿದೆ" ಎಂದಳು ಏಳನೇ ತರಗತಿಯ ಮೊಮ್ಮಗಳು. ರೋಗ ಹಿಡಿದದ್ದು ಸರಿಯಾಗಿಯೇ ಇತ್ತು.

ಚಕ್ರವನ್ನು ಹಿಡಿದಿರುವುದು ಎರಡು ಕೊಳವೆ ಕಾಲುಗಳು. ಅದೇ ಫೋರ್ಕ್. ಹೆಡ್‌ಲೈಟಿನ ಹತ್ತಿರ ಮೇಲೊಂದು, ಕೆಳಗೊಂದು ಲೋಹದ ಪಟ್ಟಿ ಈ ಕಾಲುಗಳನ್ನು ಹಿಡಿದಿರುತ್ತವೆ. ಕೆಳಗಿನದು ಬೋಲ್ಟುಗಳ ಬಿಗಿತದಿಂದ ಅಪ್ಪಿಕೊಂಡಿರುತ್ತದೆ. ಪೆಟ್ಟು ಜೋರಾದರೆ ಆ ಅಪ್ಪುಗೆ ಜಾರುತ್ತದೆ. ಆಗ ಒಂದು ಕಾಲು ಮುಂದೆ, ಒಂದು ಹಿಂದೆ.

ಇದು ಬರೀ ತಿರುಚಿದ್ದೋ, ಕಾಲೇ ಬಾಗಿದೆಯೋ ಎಂದು ಮೊದಲು ತಿಳಿಯಬೇಕು. ಕೊಳವೆಗಳ ನುಣುಪಾದ ಭಾಗಕ್ಕೆ ಒಂದು ಗಾಜಿನ ತುಂಡು ಅಡ್ಡ ಹಿಡಿದೆವು. ಅದು ಎರಡೂ ಕಾಲಿಗೆ ಸಮನಾಗಿ ಕೂರದೆ ಅಲ್ಲಾಡಿತು. ಅಂದರೆ ತಿರುಚಿದೆ. ಪಕ್ಕದಿಂದ ನೋಡಿದರೆ ಯಾವ ಕಾಲೂ ಬಾಗಿರಲಿಲ್ಲ, ಚಾಸಿಯ ಕತ್ತಿನ ಬಳಿ ಬಣ್ಣ ಬಿರಿದಿರಲಿಲ್ಲ. ಅಂಥದ್ದೇನಾದರೂ ಕಂಡಿದ್ದರೆ ನಾನು ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಅದು ಮೆಕ್ಯಾನಿಕ್ಕಿನ ಕೆಲಸ, ಅಲ್ಲಿ ಉಳಿತಾಯ ನೋಡಬಾರದು.

ಆಮೇಲೆ ಚಕ್ರದ ಆ್ಯಕ್ಸಲ್ ನಟ್ಟು, ಮಡ್‌ಗಾರ್ಡಿನ ಬೋಲ್ಟುಗಳು, ಕೆಳಪಟ್ಟಿಯ ಬೋಲ್ಟುಗಳು, ಕಾಲುಗಳ ತುದಿಯ ಬೋಲ್ಟುಗಳು, ಎಲ್ಲವನ್ನೂ ತುಸುವೇ ಸಡಿಲಿಸಿದೆವು. ಪೂರ್ತಿ ಬಿಚ್ಚಲೇಬಾರದು, ತುದಿಯ ಬೋಲ್ಟಿನ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡು ಕುಳಿತಿರುತ್ತದೆ! ಈಗ ನಾನು ಚಕ್ರವನ್ನು ಮೊಣಕಾಲಲ್ಲಿ ಹಿಡಿದೆ, ಮಗ ಹ್ಯಾಂಡಲ್ ತಿರುಗಿಸಿದ. ಮೊಮ್ಮಗಳು ದೂರ ನಿಂತು "ಇನ್ನೂ ಚೂರು, ಸಾಕು, ಜಾಸ್ತಿಯಾಯ್ತು" ಎಂದು ಅಪ್ಪಣೆ ಕೊಡುತ್ತಿದ್ದಳು. ಗಾಜು ಅಲ್ಲಾಡದೆ ಕೂತಿತು. ಮುಂದಿನ ಬ್ರೇಕ್ ಹಿಡಿದು ಗಾಡಿಯ ಮುಂಭಾಗವನ್ನು ಐದಾರು ಸಲ ಒತ್ತಿ ಬಿಟ್ಟಾಗ ಕಾಲುಗಳು ತಮ್ಮ ಜಾಗ ಹುಡುಕಿಕೊಂಡವು.

ಬಿಗಿಯುವುದರಲ್ಲಿ ಆತುರ ಸಲ್ಲದು. ಎಡಕ್ಕಿಷ್ಟು, ಬಲಕ್ಕಿಷ್ಟು ಎಂದು ಸರದಿಯಂತೆ ಬಿಗಿದೆವು. ಎಷ್ಟು ಬಿಗಿ ಎಂದು ಅಳೆಯುವ ಟಾರ್ಕ್ ಸ್ಪ್ಯಾನರ್ ನಮ್ಮಲ್ಲಿಲ್ಲ. ಕೊನೆಯ ಸುತ್ತು ಬೀದಿ ಮೂಲೆಯ ಗ್ಯಾರೇಜಿನಲ್ಲಿ ಹಾಕಿಸಿದೆವು. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುತ್ತದೆಯೇ, ತಂತಿಗಳು ಎಳೆಯುತ್ತವೆಯೇ, ಬ್ರೇಕ್ ಹಿಡಿಯುತ್ತದೆಯೇ ಎಂದು ನೋಡಿದ ಮೇಲೆಯೇ ಮಗ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಒಂದು ಸುತ್ತು ಹೋಗಿಬಂದ.

ವಾರ ಕಳೆದು ಅದೇ ಬೋಲ್ಟುಗಳಿಗೆ ಮತ್ತೆ ಸ್ಪ್ಯಾನರ್ ಹಾಕಿದೆವು. ಒಂದೂ ಅಲುಗಿರಲಿಲ್ಲ.